ಬದಲಿ ಉಸಿರು

ಡಾಕ್ಟರ್ ಗೊಲ್ಲಾಳಮ್ಮನ ಬಾಯಿ ಸರಿಯಿಲ್ಲ ಎಂಬುದು ಯಾದಗಿರಿಯ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಶಹಾಪುರದ ಕಿರಾಣಿ ಅಂಗಡಿಯವರ ಮಗಳು. ಎದೆರೋಗದ ಡಾಕ್ಟರಾಗಿ ಕೆಮ್ಮು ಕೇಳಿ ಕೇಳಿ ಆಕೆಯ ಮಾತೂ ಕೆಮ್ಮಿನಷ್ಟೇ ಒರಟಾಗಿತ್ತು. ಈಚೆಗೆ ಇನ್ನೊಂದು ಕೆಲಸವೂ ಕೊರಳಿಗೆ ಬಿದ್ದಿತ್ತು: ಓದು ಮುಗಿಸಿ ಬಂದ ಎಳೆಯ ಡಾಕ್ಟರರಿಗೆ ಸಂಶೋಧನೆ ಕಲಿಸುವುದು. ಮಂದಿಯನ್ನು ಹೇಗೆ ಕೇಳಬೇಕು, ಕೇಳಿದ್ದನ್ನು ಎಷ್ಟು ನಂಬಬೇಕು ಎಂಬ ಪಾಠ. “ಅಂಕಿ ಚಂದ ಬಂತಂದ್ರ ಮೊದಲ ಅಂಜ್ರಿ” ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು.

ಈ ಸಲ ಕೈಗೆ ಸಿಕ್ಕವಳು ಸುಮಂಗಲಾ. ಸುರಪುರದ ದಲಿತ ಕೇರಿಯ ಗುಮಾಸ್ತನ ಮಗಳು, ಆ ಕೇರಿಯಿಂದ ಡಾಕ್ಟರಾದವರಲ್ಲಿ ಮೊದಲನೆಯವಳು. ಸೈದಾಪುರದ ಆಚೆ ಒಂದು ರಾಸಾಯನಿಕ ಕಾರ್ಖಾನೆಯ ಕೂಲಿಗಳ ಶ್ವಾಸಕೋಶ ಹೇಗಿದೆ ಎಂದು ನೋಡುವುದು ಅವಳ ಮೊದಲ ಸಂಶೋಧನೆ. ಯಂತ್ರದ ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕು. ಎದೆಯಲ್ಲಿ ಎಷ್ಟು ದಮ್ಮಿದೆ ಎಂದು ಪರದೆಯ ಮೇಲೆ ಗೆರೆ ಏಳುತ್ತದೆ. ಈ ವರದಿ ಒಪ್ಪಿಗೆಯಾದರೆ ಅವಳ ಶಿಷ್ಯವೇತನ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ಖತಂ.

ಅಂಕಿಗಳು ಚಂದವೇ ಬಂದವು. ಆಮ್ಲದ ಹೊಗೆಯಲ್ಲಿ ದುಡಿಯುವ ಗಂಡಸರೆಲ್ಲ ಪೈಲವಾನರಂತೆ ಊದಿದ್ದರು. ಗೊಲ್ಲಾಳಮ್ಮ ಒಂದು ಮುಂಜಾನೆ ರೈಲು ಹತ್ತಿ ತಾನೇ ನೋಡಲು ಹೋದಳು.

ಕಾರ್ಖಾನೆಯ ಗೇಟಿನೊಳಗೇ ಒಂದು ಕೋಣೆ. ಕೂಲಿಗಳನ್ನು ತರುವ ಗುತ್ತೇದಾರ ಸಂಗಮನಾಥ ಚಹಾ ಕಳಿಸಿದ್ದ. ಕರೆಂಟು ಹೋಗುವುದಿಲ್ಲ, ಕೂಲಿಗಳು ಹತ್ತಿರದಲ್ಲೇ ಸಿಗುತ್ತಾರೆ ಎಂದು ಆ ಜಾಗಕ್ಕೆ ಒಪ್ಪಿದ್ದವಳು ಗೊಲ್ಲಾಳಮ್ಮನೇ. ಬೆಳಿಗ್ಗೆ ಭಾಗಣ್ಣ ಎಂಬ ಹೆಸರಿಗೆ ಒಬ್ಬ ಬಂದು ಊದಿ ಹೋದ. ದಪ್ಪ ಕತ್ತು, ಹರಿದ ಎಡಗಿವಿ. ಊಟದ ಹೊತ್ತು ಕಳೆದ ಮೇಲೆ ಖಾಜಾಹುಸೇನ ಎಂದು ಕೂಗಿದಾಗ ಇನ್ನೊಬ್ಬ ಬಂದ. ಅಂಗಿ ಬೇರೆ, ಕಿವಿ ಅದೇ.

“ಏನೋ ತಮ್ಮಾ,” ಗೊಲ್ಲಾಳಮ್ಮ ಕೇಳಿದಳು, “ಉಂಡು ಬರೂದ್ರಾಗ ಜಾತಿನೇ ಬದಲಾತೇನು?”

ಅವನು ಬಾಗಿಲ ಕಡೆ ನೋಡಿದ. ಸುಮಂಗಲಾ ಎದ್ದು ಬಾಗಿಲು ಮುಚ್ಚಿದಳು.

“ದೇವಿಂದ್ರ ಅಂತಾರ್ರಿ ನನಗ. ಗೋದಾಮಿನ್ಯಾಗ ಚೀಲ ಹೊರ್ತೀನಿ, ಹೊಗಿ ಕಡೆ ಹೋಗಂಗಿಲ್ಲ. ನಮ್ಮಲ್ಲಿ ಬದಲಿ ರೂಢಿ ಅದರಿ ಬಾಯಾರ. ಯಾರಿಗರ ಜ್ವರ ಬಂದ್ರ ಅವ್ರ ಗೇಟ್ ಪಾಸಿನ ಮ್ಯಾಲ ಇನ್ನೊಬ್ಬ ಹೋಗಿ ಪಾಳಿ ಮುಗಸ್ತಾನ. ಇದೂ ಹಂಗ.”

“ಇದು ಪಾಳಿ ಅಲ್ಲೋ. ಅವ್ರ ಎದಿ ನೋಡೂದು.”

“ನೋಡಿ ಏನ್ಮಾಡ್ತೀರಿ? ದಮ್ ಇಲ್ಲಂದ್ರ ಗುತ್ತೇದಾರ ಪಾಸ್ ಕಸ್ಕೋತಾನ. ಅದಕ್ಕ ಗಟ್ಟಿ ಇದ್ದಾವ್ರು ಎಲ್ಲಾರ ಪಾಲಿಂದೂ ಊದೀವಿ.”

“ಕಂಪನಿಗೆ ಹೇಳಂಗಿಲ್ಲ ಅಂತ ಒಬ್ಬೊಬ್ರಿಗೂ ಹೇಳೀನಲ್ಲೋ ಯಣ್ಣಾ!” ಸುಮಂಗಲಾ ನಡುವೆ ಬಾಯಿ ಹಾಕಿದಳು.

“ಹೇಳೀರಿ ಅಕ್ಕೋರ. ಅವ್ರ ಖೋಲ್ಯಾಗ ಕುಂತು, ಅವ್ರ ಚಹಾ ಕುಡ್ಕೋತ ಹೇಳೀರಿ.”

ಗೊಲ್ಲಾಳಮ್ಮ ಮೇಜಿನ ಮೇಲಿದ್ದ ಚಹಾದ ಲೋಟವನ್ನು ದೂರ ಸರಿಸಿದಳು. ಕೂಲಿಗಳು ತಮಗೆ ತಿಳಿದ ದಾರಿಯಲ್ಲಿ ಹೊಟ್ಟೆ ಕಾಯ್ದುಕೊಂಡಿದ್ದರು. ದಡ್ಡತನ ತನ್ನದು.

ಹಿಂದಿರುಗುವಾಗ ರೈಲಿನಲ್ಲಿ ಸುಮಂಗಲಾ ಕೇಳಿದಳು: “ವರ್ಷದ ದುಡಿಮಿ ಮೇಡಂ. ಕಸಕ್ಕ ಒಗದ್ರ ನಾ ಎಲ್ಲಿ ಹೋಗ್ಲಿ?”

“ಇದ್ನ ಅಚ್ಚು ಹಾಕ್ಸಿದ್ರ, ಹೊಗಿಯಿಂದ ಏನೂ ಆಗಂಗಿಲ್ಲಂತ ಕಂಪನಿ ನಿನ್ನ ಹೆಸರು ಹೇಳ್ಕೋತ ತಿರಗ್ತದ.”

“ನೀವು ಅಂಗಡಿ ಮನಿತನದವ್ರು. ನಿಮಗ ಒಗ್ಯಾಕ ಸಸಾರ.”

ಮಾತು ನಾಟಿತು. ಸುಳ್ಳಲ್ಲವಾದ್ದರಿಂದ ಗೊಲ್ಲಾಳಮ್ಮ ತಿರುಗಿ ಬೈಯಲಿಲ್ಲ. ಕೆಲವು ದಿನದ ಮೇಲೆ ಸುಮಂಗಲಾಳೇ ಬಂದು ಎದುರಿಗೆ ನಿಂತಳು.

“ಒಗೀತೀನ್ರಿ. ಆದ್ರ ಯಾಕ ಅಂತ ಏನ್ ಬರೀಲಿ? ಬದಲಿ ಅಂತ ಬರದ್ರ ಅವ್ರ ಹೊಟ್ಟಿ ಮ್ಯಾಲ ಕಲ್ಲು.”

“ಜಾಗ ತಪ್ಪಿತ್ತು, ಅಲ್ಲಿ ಕೂಲಿಗಳಿಗೆ ಒಲ್ಲೆ ಅನ್ನೋ ದಾರಿ ಇರಲಿಲ್ಲ, ಒಂದು ಅಂಕಿನೂ ನಂಬಬ್ಯಾಡ್ರಿ ಅಂತ ಬರಿ. ಜಾಗ ಆರಿಸಿದಾಕಿ ನಾನು ಅಂತನೂ ಬರಿ.”

ಹಾಗೆಯೇ ಬರೆದರು. ಮೇಲಿನವರು ಶಿಷ್ಯವೇತನ ನಿಲ್ಲಿಸಿದರು. ಯಾರು ಏನು ಹೇಳಿದರು, ಹೆಸರು ಕೊಡಿ ಎಂದು ಕಂಪನಿ ಗಂಟುಬಿತ್ತು, ಗೊಲ್ಲಾಳಮ್ಮ ಕೊಡಲಿಲ್ಲ. ಸಂಗಮನಾಥನಿಗೆ ಅದು ಬೇಕಾಗಿಯೂ ಇರಲಿಲ್ಲ. ಆ ಕೋಣೆಗೆ ಯಾರನ್ನು ಕರೆದಿದ್ದರೆಂದು ಗೇಟಿನವನೇ ಹೇಳಿದ. ಬಾಯಿ ಬಿಟ್ಟವರು ಯಾರೆಂದು ಹುಡುಕದೆ ಎಲ್ಲರನ್ನೂ ಹೊರಗೆ ಹಾಕಿ ಬೇರೆ ಸೀಮೆಯ ಕೂಲಿ ತಂದ. ಬಚಾವು ಮಾಡಬೇಕೆಂದು ಬರೆದ ಸಾಲುಗಳು ಯಾರನ್ನೂ ಬಚಾವು ಮಾಡಲಿಲ್ಲ.

ಸುಮಂಗಲಾ ಸುರಪುರದ ಒಂದು ಖಾಸಗಿ ದವಾಖಾನೆಗೆ ಸೇರಿದಳು. ರವಿವಾರ ಬಂತೆಂದರೆ ಗೊಲ್ಲಾಳಮ್ಮ ಯಂತ್ರ ಹೊರಿಸಿಕೊಂಡು ಅವಳನ್ನು ಕೂಲಿಗಳ ಊರಿಗೆ ಎಳೆದೊಯ್ಯುತ್ತಿದ್ದಳು. ಮೊದಲ ಸಲ ಖಾಜಾಹುಸೇನನ ಹೆಂಡತಿ ಜೈತುನಬೀ ಅಂಗಳಕ್ಕೂ ಬಿಟ್ಟುಕೊಳ್ಳಲಿಲ್ಲ.

“ನಿಮ್ಮ ವಿದ್ಯಾದ ಕಾಲಾಗ ನಮ್ಮ ರೊಟ್ಟಿ ಹೋತು. ಇನ್ನೇನ್ ಉಳದದ ಅಂತ ಬಂದೀರಿ?”

ಇಬ್ಬರೂ ಬೈಸಿಕೊಂಡರು. ಮುಂದಿನ ರವಿವಾರ ಮತ್ತೆ ಹೋಗಿ ಸಮುದಾಯ ಭವನದಲ್ಲಿ ಕೂತರು. ಬಿಸಿಲೇರುವ ಹೊತ್ತಿಗೆ ಒಣಕಲು ಮನುಷ್ಯನೊಬ್ಬ ಗೋಡೆ ಹಿಡಿದುಕೊಂಡು ಬಂದ. ಖರೇ ಭಾಗಣ್ಣ.

“ಈಗ್ಯಾಕ ಬಂದ್ಯೋ?” ಗೊಲ್ಲಾಳಮ್ಮ ಕೇಳಿದಳು.

“ಪಾಸೇ ಇಲ್ಲ. ಇನ್ನೇನ್ ಕಸ್ಕೋತಾರ್ರಿ?”

ಊದಿದ. ಗೆರೆ ಸ್ವಲ್ಪ ಎದ್ದು ಅಲ್ಲಿಯೇ ಮಲಗಿತು. ಕೆಮ್ಮು ನಿಂತ ಮೇಲೆ, “ಎಷ್ಟದ?” ಎಂದ. ಸುಮಂಗಲಾ ಗುರುವಿನ ಕಡೆ ತಿರುಗಿದಳು.

“ನನ್ನ ಮಾರಿ ಯಾಕ ನೋಡ್ತಿ? ಕೇಳಿದ್ದು ನಿನಗ.”

ಸುಮಂಗಲಾ ಅವನ ಹತ್ತಿರಕ್ಕೆ ಸರಿದು ಕೂತಳು. “ಅರ್ಧಕ್ಕಿಂತ ಕಮ್ಮಿ ಅದ ಕಾಕಾ. ಹೋದದ್ದು ಹೊಳ್ಳಿ ಬರಂಗಿಲ್ಲ. ಇದ್ದದ್ದು ಉಳಸ್ಕೊಳ್ಳಾಕ ಔಷಧ ಕೊಡ್ತೀವಿ.”

“ಚೀಲ ಹೊರಬಹುದೇನು?”

“ಆಗಂಗಿಲ್ಲ.”

“ಹೊಲದ ಕೆಲಸ?”

“ಅದೂ ಆಗಂಗಿಲ್ಲ ಕಾಕಾ.”

ಭಾಗಣ್ಣ ಗೋಡೆ ಹಿಡಿದು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದ ಕೂಲಿಗಳಿಗೆ ಹೇಳಿದ: “ಹೋಗ್ರಪಾ. ಹುಡುಗಿ ಇದ್ದದ್ದು ಇದ್ದಂಗ ಹೇಳ್ತಾಳ.”

ಯಾರೂ ಏಳಲಿಲ್ಲ. ಇದ್ದದ್ದು ಕೇಳುವುದೇ ಅವರಿಗೆ ಬೇಡವಾಗಿತ್ತು. ಕಡೆಗೆ ಖಾಜಾಹುಸೇನ ಬೀಡಿ ನೆಲಕ್ಕೆ ಒರೆಸಿ, ದೂರದಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡದೆ ಒಳಗೆ ಬಂದ.