ಉಪಾಧ್ಯರು ಮತ್ತು ಎರಡನೇ ಬೇಸ್

ಬೇಸ್‌ಬಾಲ್ ಮೈದಾನಕ್ಕೆ ಬಿಳಿ ಪ್ಯಾಂಟು, ಬಿಳಿ ತುಂಬುತೋಳಿನ ಶರ್ಟು, ಬಿಳಿ ಕ್ಯಾನ್ವಾಸ್ ಶೂ, ಅಗಲ ಅಂಚಿನ ಬಿಳಿ ಟೊಪ್ಪಿ ಹಾಕಿಕೊಂಡು ಬರುತ್ತಿದ್ದ ಮನುಷ್ಯ ಇಡೀ ಮಲೇಶಿಯಾದಲ್ಲಿ ಉಪಾಧ್ಯರು ಒಬ್ಬರೇ ಇದ್ದಿರಬೇಕು. ಕೊರೋನಾ ಕಾಲವಾದ್ದರಿಂದ ಮುಖಕ್ಕೆ ಬಿಳಿ ಮಾಸ್ಕ್ ಬೇರೆ. ಮೊದಲ ದಿನ ಅವರು ಗೇಟು ದಾಟಿ ಬರುವುದನ್ನು ಕಂಡ ಹುಡುಗರು, ಮೂಗಿಗೆ ಕಡ್ಡಿ ಹಾಕಲು ಯಾರೋ ಬಂದರೆಂದು ತಿಳಿದು ಚೆಲ್ಲಾಪಿಲ್ಲಿಯಾಗಿ ಓಡಿದ್ದರಂತೆ. ಉಪಾಧ್ಯರು ಇದನ್ನು ಎಲ್ಲರ ಮುಂದೆಯೂ ಹೇಳಿಕೊಂಡು ನಗುತ್ತಿದ್ದರು. "ಓಡ್ಲಿಕ್ಕೆ ಬರ್ತದೋ ಇಲ್ವೋ ಅಂತ ನೋಡ್ಬೇಕಿತ್ತು. ಅದು ಪುಕ್ಕಟೆ ಗೊತ್ತಾಯ್ತು" ಎನ್ನುತ್ತಿದ್ದರು.

ಉಡುಪಿ ಕಡೆಯವರು. ನಿಲಾಯ್ ಎಂಬ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೆಡಿಕಲ್ ಹುಡುಗರಿಗೆ ಅನಾಟಮಿ ಕಲಿಸುತ್ತಿದ್ದರು. ಅರವತ್ತಕ್ಕೆ ಎರಡೋ ಮೂರೋ ವರ್ಷ ಕಡಿಮೆ. ಹೆಂಡತಿ ಊರಲ್ಲಿ, ಇವರು ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ಒಬ್ಬರೇ. ವಯಸ್ಸಿನಲ್ಲಿದ್ದಾಗ ಊರ ಸುತ್ತಮುತ್ತಲಿನ ಕ್ರಿಕೆಟ್ ಪಂದ್ಯಗಳಿಗೆಲ್ಲ ಅವರೇ ಅಂಪೈರ್. ಆ ಬಿಳಿ ಬಟ್ಟೆ ಅಲ್ಲಿಂದ ಬಂದದ್ದು. ಆಟದ ಮೈದಾನಕ್ಕೆ ಬಣ್ಣದ ಬಟ್ಟೆಯಲ್ಲಿ ಹೋಗುವುದು ಅವರ ಮಟ್ಟಿಗೆ ಲುಂಗಿಯುಟ್ಟು ಕ್ಲಾಸಿಗೆ ಹೋದಷ್ಟೇ ಅಸಭ್ಯ.

ಅವರ ತಲೆಗೆ ಬೇಸ್‌ಬಾಲ್ ತಂಡ ಬಂದು ಬಿದ್ದದ್ದೂ ಒಂದು ಗೊಂದಲದಿಂದಲೇ. ತಂಡದ ಕೋಚ್ ರಜೆಗೆಂದು ತನ್ನ ದೇಶಕ್ಕೆ ಹೋದವನು ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದುಬಿಟ್ಟಿದ್ದ. ಲಸಿಕೆ ಹಾಕಿಸಿಕೊಂಡವರಿಗೆ ಕ್ಯಾಂಪಸ್ ತೆರೆದಾಗ, ಅಧ್ಯಾಪಕರೊಬ್ಬರು ಉಸ್ತುವಾರಿಗೆ ಇದ್ದರೆ ಮಾತ್ರ ತಂಡ ಆಡಬಹುದು ಎಂದು ಕಾಲೇಜಿನವರು ಎಲ್ಲರಿಗೂ ಮೇಲ್ ಕಳಿಸಿದರು. ಉಪಾಧ್ಯರು ಅದರಲ್ಲಿ 'ಬ್ಯಾಟು', 'ಬಾಲು' ಎಂಬ ಎರಡು ಪದ ನೋಡಿ ಆಗಬಹುದು ಎಂದು ಬರೆದು ಕಳಿಸಿದರು. ಕ್ರಿಕೆಟ್ ಅಲ್ಲ ಅಂತ ಗೊತ್ತಾದದ್ದು ಮೈದಾನಕ್ಕೆ ಹೋದ ಮೇಲೆ. ಅಷ್ಟರಲ್ಲಿ ಹುಡುಗರು ಓಡಿಯಾಗಿತ್ತು.

ಮೈದಾನದಿಂದ ನೇರವಾಗಿ ಅವರು ಬಂದದ್ದು ನಮ್ಮ ಮನೆಗೆ. ನನ್ನ ಮಗ ನಿಖಿಲ್ ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ, ಕೊನೆಯ ವರ್ಷ. ಹೆಚ್ಚುಕಡಿಮೆ ಎರಡು ವರ್ಷ ಅವನ ಕಾಲೇಜು ಅವನ ಕೋಣೆಯೊಳಗೇ ನಡೆದಿತ್ತು. ಮೊದಮೊದಲು ಊಟಕ್ಕೆ ಹೊರಗೆ ಬರುತ್ತಿದ್ದ. ಆಮೇಲೆ ತಟ್ಟೆ ಒಳಗೆ ಹೋಗತೊಡಗಿತು. ಕ್ಯಾಂಪಸ್ ತೆರೆದ ಮೇಲೂ ಅವನು ಹೊರಡಲಿಲ್ಲ. ಕರೆದರೆ "ಯಾ ಯಾ, ಕಮಿಂಗ್" ಎನ್ನುತ್ತಿದ್ದ, ಬರುತ್ತಿರಲಿಲ್ಲ. ನಾನು ಮನೆಯಿಂದಲೇ ಸೈಬರ್‌ಜಯಾದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಯಾರದೋ ಪ್ರೋಗ್ರಾಮಿನಲ್ಲಿ ದಿನವಿಡೀ ತಪ್ಪು ಹುಡುಕುವವಳಿಗೆ ಮುಚ್ಚಿದ ಬಾಗಿಲಿನ ಹಿಂದೆ ಏನು ತಪ್ಪಾಗಿದೆಯೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ನನಗೆ ಭಯವಾಗುತ್ತಿತ್ತು.

ಉಪಾಧ್ಯರು ಅವನ ಬಾಗಿಲು ತಟ್ಟಿ, ಒಳಗಿನಿಂದ ಉತ್ತರ ಬರುವ ಮೊದಲೇ ತೆರೆದರು.

"ಎಂಟು ಜನ ಇದ್ದಾರೆ ಮಾರಾಯ, ಒಂಬತ್ತು ಬೇಕಂತೆ. ನೀನು ಬಂದು ನಿಂತ್ರೆ ಸಾಕು."

"ಅಂಕಲ್, ಐ ಡೋಂಟ್ ನೋ ಬೇಸ್‌ಬಾಲ್."

"ನನಗೂ ಗೊತ್ತಿಲ್ಲ. ಬಾ."

ನಿಖಿಲ್ ಯಾಕೆ ಎದ್ದು ಹೋದನೋ ಇವತ್ತಿಗೂ ತಿಳಿಯದು. ಚಪ್ಪಲಿ ಹಾಕಿಕೊಂಡೇ ಹೋದ. ಅವನ ಹಿಂದೆ ಬಾಗಿಲು ತೆರೆದೇ ಇತ್ತು. ನಾನು ಆ ಕೋಣೆಯ ಹೊಸ್ತಿಲಲ್ಲಿ ಕೂತು ಚೆನ್ನಾಗಿ ಅತ್ತೆ.

ತಂಡದ ನಾಯಕ ಹಫೀಜ಼್ ಶಾಂತ ಸ್ವಭಾವದ ಮಲಾಯ್ ಹುಡುಗ. ಅವನು ಉಪಾಧ್ಯರಿಗೆ ಬೇಸ್‌ಬಾಲ್ ಕಲಿಸಿದ, ಉಪಾಧ್ಯರು ಅವನಿಗೆ ಭುಜದ ಕೀಲು ಕಲಿಸಿದರು. ಚೆಂಡು ಎಸೆಯುವಾಗ ಯಾವ ಮೂಳೆ ಎಲ್ಲಿ ತಿರುಗುತ್ತದೆ, ಎಲ್ಲಿ ಎಳೆತ ಬಂದರೆ ನಿಲ್ಲಿಸಬೇಕು ಎಂದು ಹುಡುಗರ ತೋಳು ಹಿಡಿದು ತೋರಿಸುತ್ತಿದ್ದರು. ಕೈಗವಸು ಕಳಚಿಸಿ ಬರಿಗೈಯಲ್ಲಿ ಕ್ಯಾಚ್ ಹಿಡಿಸುತ್ತಿದ್ದರು. "ಗ್ಲವ್ ಉಂಟು ಅಂತ ಧೈರ್ಯ ಇದ್ರೆ ಕಣ್ಣು ಚೆಂಡಿನ ಮೇಲೆ ಇರೂದಿಲ್ಲ" ಎಂಬುದು ಅವರ ವಾದ. ಚೆಂಡು ಎಸೆಯುವ ಪಿಚರ್‌ನನ್ನು ಕೊನೆಯವರೆಗೂ ಬೌಲರ್ ಎಂದೇ ಕರೆದರು. ಆರು ಚೆಂಡು ಎಸೆದ ಕೂಡಲೇ "ಓವರ್!" ಎಂದು ಕೂಗಿಬಿಡುತ್ತಿದ್ದರು. "ನೋ ಓವರ್ ಲಾ, ಡಾಕ್!" ಎಂದು ಹುಡುಗರು ಮಲೇಶಿಯಾದ 'ಲಾ' ಸೇರಿಸಿ ತಿರುಗಿ ಕೂಗುತ್ತಿದ್ದರು; ಡಾಕ್ಟರ್ ಅವರ ಬಾಯಲ್ಲಿ ಡಾಕ್ ಆಗಿತ್ತು.

ನಿಖಿಲ್‌ಗೂ ಬಾಲ್ಯದ ಕ್ರಿಕೆಟ್ ಬಿಟ್ಟಿರಲಿಲ್ಲ. ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಡುವ ಬದಲು ಕೈಯಲ್ಲೇ ಹಿಡಿದು ಓಡುತ್ತಿದ್ದ. ಉಪಾಧ್ಯರು "ಬಿಸಾಡು, ಬಿಸಾಡು!" ಎಂದು ಕಿರುಚುತ್ತಿದ್ದರು. ಒಂದು ತಿಂಗಳಲ್ಲಿ ಮಲಾಯ್, ಚೀನೀ, ತಮಿಳು ಎನ್ನದೆ ಇಡೀ ತಂಡ ಯಾರು ಹೊಡೆದರೂ "ಬಿಸಾಡು!" ಎಂದು ಕೂಗತೊಡಗಿತು. ಎದುರು ತಂಡದವರು ಇದು ಏನೋ ಗುಪ್ತ ಸಂಕೇತವೆಂದು ಭಾವಿಸಿ ತಲೆ ಕೆಡಿಸಿಕೊಂಡರು.

ಪಂದ್ಯಗಳಿಗೆ ಪ್ರೇಕ್ಷಕರನ್ನು ಬಿಡುತ್ತಿರಲಿಲ್ಲ. ತಂಡಕ್ಕೊಬ್ಬ ಸ್ಕೋರರ್ ಮಾತ್ರ ಬರಬಹುದಿತ್ತು. "ತಪ್ಪು ಹಿಡಿಯೂದೇ ನಿಮ್ಮ ಕೆಲಸ ಅಲ್ವಾ ಸುಮಾ? ಇದರಲ್ಲಿ ತಪ್ಪು ಬರೀಲಿಕ್ಕೆ ಒಂದು ಪ್ರತ್ಯೇಕ ಕಾಲಮ್ಮೇ ಉಂಟು" ಎಂದು ನನ್ನ ಕೈಗೆ ಪುಸ್ತಕ ಕೊಟ್ಟರು. ಆ ಆಟ ನನಗೆ ಒಂದು ದಿನವೂ ಪೂರ್ತಿ ಅರ್ಥವಾಗಲಿಲ್ಲ. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬೇಸ್; ಹೊಡೆದವನು ಒಂದು, ಎರಡು, ಮೂರು ಎಂದು ಕ್ರಮವಾಗಿ ಮೆಟ್ಟಿಕೊಂಡು, ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಇಷ್ಟು ತಿಳಿಯಿತು. ಯಾರಾದರೂ ಒಂದು ಬೇಸನ್ನು ಮೆಟ್ಟದೆ ಹಾರಿ ಹೋದರೆ ಏನು ಬರೆಯುವುದು ಎಂದು ಹಫೀಜ಼್‌ನನ್ನು ಕೇಳಿದೆ. ಎದುರಿನ ತಂಡ ಗಮನಿಸಿ ಕೇಳಿದರೆ ಔಟ್, ಕೇಳದಿದ್ದರೆ ಅಂಪೈರ್ ಕಣ್ಣಾರೆ ಕಂಡಿದ್ದರೂ ಬಾಯಿ ಬಿಡುವಂತಿಲ್ಲ ಎಂದ. ಇದೆಂಥ ನಿಯಮ ಎಂದುಕೊಂಡೆ.

ಅಂಥ ತಂಡ ಗೆಲ್ಲತೊಡಗಿತು. ಕಾಲೇಜುಗಳ ನಡುವಿನ ಪಂದ್ಯಾವಳಿಯಲ್ಲಿ ಹಿಂದೆಂದೂ ಮೊದಲ ಸುತ್ತು ದಾಟದವರು ಒಂದಾದ ಮೇಲೊಂದರಂತೆ ಐದು ಪಂದ್ಯ ಗೆದ್ದರು. ಹೇಗೆ ಗೆದ್ದರೆಂದು ಹುಡುಗರಿಗೂ ಗೊತ್ತಿಲ್ಲ, ಉಪಾಧ್ಯರಿಗೂ ಗೊತ್ತಿಲ್ಲ. ಬರೆದುಕೊಂಡ ನನಗಂತೂ ಮೊದಲೇ ಗೊತ್ತಿಲ್ಲ. ನಮ್ಮವರ ಕೈಯಿಂದ ಚೆಂಡು ಜಾರುತ್ತಿರಲಿಲ್ಲ, ಅದೊಂದು ನಿಜ. ಗೆದ್ದರೂ ತಬ್ಬಿಕೊಳ್ಳುವಂತಿರಲಿಲ್ಲ, ಮೊಣಕೈಗೆ ಮೊಣಕೈ ತಾಗಿಸಬೇಕಿತ್ತು. ನಿಖಿಲ್ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತ, ನನಗರ್ಥವಾಗದ ಭಾಷೆಯಲ್ಲಿ ಪಂದ್ಯದ ಕಥೆ ಹೇಳುತ್ತಿದ್ದ. ಅವನ ಕೋಣೆಯ ಬಾಗಿಲು ಮುಚ್ಚುವುದೇ ನಿಂತುಹೋಗಿತ್ತು. ಉಪಾಧ್ಯರ ಕಾಲಿಗೆ ಬೀಳಬೇಕೆನ್ನಿಸುತ್ತಿತ್ತು.

ಸೆಮಿಫೈನಲ್ ಗೆದ್ದ ದಿನ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ತಿಂಡಿ ಅಂಗಡಿಯ ಹೊರಗಿನ ಮೇಜುಗಳಲ್ಲಿ ದೂರ ದೂರ ಕೂತು ಎಲ್ಲರೂ ರೊಟ್ಟಿ ತಿಂದರು. ಉಪಾಧ್ಯರು ತಮ್ಮ ಅಂಪೈರ್ ದಿನಗಳ ಕಥೆ ತೆಗೆದರು. ಒಮ್ಮೆ ಬ್ಯಾಟಿಗೆ ಚೆಂಡು ತಾಗಿದ್ದು ಇವರಿಗೆ ಕೇಳಿಸಲಿಲ್ಲ, ನಾಟ್ ಔಟ್ ಕೊಟ್ಟರು. ಆ ಬ್ಯಾಟ್ಸ್‌ಮನ್ ಇವರತ್ತ ನೋಡದೆ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟನಂತೆ. "ಔಟ್ ಆದವನಿಗೆ ಗೊತ್ತಿರ್ತದೆ. ಅಂಪೈರಿಗೆ ಗೊತ್ತಿರ್ಬೇಕೂಂತಿಲ್ಲ" ಎಂದರು. ನಿಖಿಲ್ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದ. ಹಫೀಜ಼್ ಬಹಳ ಯೋಚಿಸಿ, "ದೆನ್ ಅಂಪೈರ್ ಫಾರ್ ವಾಟ್, ಡಾಕ್?" ಎಂದು ಕೇಳಿದ. ಉಪಾಧ್ಯರು ಅಂಗಡಿಯವನನ್ನು ಕರೆದರು. ಇನ್ನೊಂದು ಟೀ ಹೇಳಿದರು.

ಫೈನಲ್ ನಡೆದದ್ದು ಪೆಟಾಲಿಂಗ್ ಜಯಾದ ಹತ್ತಿರದ ಮೈದಾನದಲ್ಲಿ. ಕೊನೆಯ ಸರದಿ ನಮ್ಮದು. ಐದು-ಐದು ಸಮ, ನಮ್ಮವರಲ್ಲಿ ಇಬ್ಬರು ಔಟ್. ನಿಖಿಲ್ ಮೊದಲ ಬೇಸಿನಲ್ಲಿ ನಿಂತಿದ್ದ. ಅವನೊಬ್ಬ ಸುತ್ತು ಮುಗಿಸಿ ಬಂದರೆ ಕಪ್ ನಮ್ಮದು. ಹಫೀಜ಼್ ಹೊಡೆದ ಚೆಂಡು ಇಬ್ಬರು ಫೀಲ್ಡರುಗಳ ಮಧ್ಯೆ ತೂರಿ ಬೇಲಿಯವರೆಗೆ ಉರುಳಿತು. "ಬಿಸಾಡು!" ಎಂದು ಎಲ್ಲರೂ ಕೂಗಿದರು. ನಾನು ತಲೆ ತಗ್ಗಿಸಿ ಹಫೀಜ಼್‌ನ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ತಲೆಯೆತ್ತುವಾಗ ನಿಖಿಲ್ ಮೂರನೆಯದನ್ನು ದಾಟಿ ಮಣ್ಣಿನಲ್ಲಿ ಜಾರಿಕೊಂಡು ಬಂದು ಸೇರಿದ್ದ. ಗೆದ್ದೆವು! ಹುಡುಗರು ನಿಯಮ ಗಿಯಮ ಮರೆತು ಅವನ ಮೇಲೆ ಬಿದ್ದರು. ಎಷ್ಟೋ ಕಾಲದಿಂದ ಅವನ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ಆಗ ಬಿಳಿ ಬಟ್ಟೆಯ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು ಮೈದಾನದ ಆಚೆ ಬದಿಗೆ ನಡೆಯುತ್ತಿರುವುದು ಕಾಣಿಸಿತು. ಎದುರಿನವರಿಗೆ ಕೈಮುಗಿಯಲು ಹೊರಟಿದ್ದಾರೆ ಎಂದುಕೊಂಡೆ. ಆ ತಂಡದ ಹುಡುಗರು ಇದ್ದಲ್ಲೇ ಮಂಡಿಯೂರಿ ಕೂತಿದ್ದರು. ಉಪಾಧ್ಯರು ಅವರ ಕೋಚ್ ಹತ್ತಿರ ಏನೋ ಹೇಳಿದರು. ಆತ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು ಇವರನ್ನೇ ನೋಡಿದ. ಇವರು ಮತ್ತೊಮ್ಮೆ ಹೇಳಿದರು. ಆತ ತನ್ನವರನ್ನು ಕೂಗಿದ. ಒಬ್ಬ ಚೆಂಡು ಹಿಡಿದು ಎರಡನೇ ಬೇಸ್ ಮೆಟ್ಟಿ ಅಂಪೈರ್ ಕಡೆ ತಿರುಗಿದ. ಅಂಪೈರ್ ಕಂಡಿದ್ದನೆಂದು ತೋರುತ್ತದೆ, ತಡಮಾಡದೆ ಮುಷ್ಟಿ ಎತ್ತಿದ. ಔಟ್.

ನಿಖಿಲ್‌ನ ಕಾಲು ಎರಡನೇ ಬೇಸಿಗೆ ತಾಗಿರಲಿಲ್ಲ. ಮೂರನೇ ಔಟಿಗೆ ನಮ್ಮ ಸರದಿ ಮುಗಿದು ರನ್ ರದ್ದಾಯಿತು; ಸ್ಕೋರು ಸಮವಾದ್ದರಿಂದ ಎರಡೂ ತಂಡಕ್ಕೆ ಇನ್ನೊಂದು ಸರದಿ ಕೊಟ್ಟರು. ಅವರು ಒಂದು ರನ್ ಮಾಡಿದರು. ನಮ್ಮವರು ಒಂದೂ ಮಾಡಲಿಲ್ಲ. ಸೋತೆವು. ಪದಕಗಳನ್ನು ಮೇಜಿನ ಮೇಲೆ ಇಟ್ಟು, ಮುಟ್ಟುವಂತಿಲ್ಲವೆಂದು ಅವರವರದನ್ನು ಅವರವರೇ ಎತ್ತಿಕೊಳ್ಳಲು ಹೇಳಿದರು. ನಿಖಿಲ್ ಎತ್ತಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಹುಡುಗರು ಟೊಪ್ಪಿಯಿಂದ ಮುಖ ಮುಚ್ಚಿಕೊಂಡು ಕೂತರು. ಇಳಿಯುವಾಗ ಹಫೀಜ಼್ ಮಾತ್ರ "ಓಕೆ ಲಾ, ಡಾಕ್" ಎಂದ. ಕಾಲೇಜಿನ ಜಾಲತಾಣದಲ್ಲಿ ಇದು ತಂಡದ ಅತಿ ಯಶಸ್ವಿ ವರ್ಷ ಎಂದು ಫೋಟೋ ಸಮೇತ ಹಾಕಿದರು. ನಮ್ಮ ಮನೆಯಲ್ಲಿ ಕೋಣೆಯ ಬಾಗಿಲು ಮತ್ತೆ ಮುಚ್ಚಿತು.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಲಿಫ್ಟಿನ ಮುಂದೆ ಉಪಾಧ್ಯರು ಸಿಕ್ಕಾಗ ಆಗಲಿಲ್ಲ.

"ಯಾಕೆ ಹೇಳಿದ್ರಿ ಸರ್? ಅವರು ಕೇಳಿರ್ಲಿಲ್ವಲ್ಲ."

"ಕಂಡದ್ದನ್ನು ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ."

"ಅದೆಲ್ಲ ಕ್ರಿಕೆಟ್ಟು. ಇದು ಬೇಸ್‌ಬಾಲು. ಇಲ್ಲಿ ಸುಮ್ಮನಿರೋದು ತಪ್ಪಲ್ಲ ಅಂತ ನಿಯಮಾನೇ ಹೇಳುತ್ತೆ. ಎರಡು ವರ್ಷ ಆದ್ಮೇಲೆ ನನ್ನ ಮಗ ಹೊರಗೆ ಬಂದಿದ್ದ, ಗೊತ್ತಾ ನಿಮಗೆ?"

ಅವರು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಗೊತ್ತುಂಟು. ನಾನು ಮಾಡಿದ್ದು ಸರಿಯಾ ಅಂತ ನನಗೂ ತಿಳೀತಾ ಇಲ್ಲ ಸುಮಾ. ನಿದ್ದೆ ಬರೂದಿಲ್ಲ" ಎಂದರು. ತಪ್ಪಾಯಿತು ಎಂದಿದ್ದರೆ ಕ್ಷಮಿಸಬಹುದಿತ್ತು, ಮಾಡಿದ್ದೇ ಸರಿ ಎಂದಿದ್ದರೆ ಜಗಳವಾಡಬಹುದಿತ್ತು. ಇದು ಎರಡೂ ಆಗಿರಲಿಲ್ಲ; ಲಿಫ್ಟಿಗೆ ಕಾಯದೆ ನಾನು ಮೆಟ್ಟಿಲಿಳಿದು ಹೋದೆ. ಆಮೇಲೆ ಅವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು.

ವಿಮಾನಗಳು ಓಡಾಡತೊಡಗಿದ ಹೊತ್ತಿಗೆ ಅವರ ಕರಾರು ಮುಗಿಯಿತು. ಹೊರಡುವ ದಿನ ಬೆಳಿಗ್ಗೆ ಟ್ಯಾಕ್ಸಿ ಕೈಕೊಟ್ಟಿತೆಂದು ಅವರು ಪೆಟ್ಟಿಗೆಗಳ ಜೊತೆ ಕೆಳಗೆ ನಿಂತಿದ್ದರು. ನನ್ನ ಗಂಡ ಆಗಲೇ ಕೆಲಸಕ್ಕೆ ಹೋಗಿದ್ದರು, ನನಗೆ ಹೈವೇಯಲ್ಲಿ ಓಡಿಸಲು ಧೈರ್ಯವಿಲ್ಲ. ನಿಖಿಲ್‌ನನ್ನು ಬೈದು ಎಬ್ಬಿಸಿದೆ. ಏರ್‌ಪೋರ್ಟ್‌ವರೆಗೆ ಅವನೇ ಓಡಿಸಿದ. ಅಲ್ಲಿ ನಾನು ಇಳಿದು ಸಾಮಾನನ್ನು ಟ್ರಾಲಿಗೆ ಹಾಕಿಸಿದೆ, ಅವನು ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಉಪಾಧ್ಯರು ಬಾಗಿಲ ತನಕ ಹೋದವರು ಟ್ರಾಲಿಯನ್ನು ನನ್ನ ಕೈಗೆ ಬಿಟ್ಟು ವಾಪಸ್ ಬಂದು ಕಾರಿನ ಗಾಜು ತಟ್ಟಿದರು. ಬಾಗಿ ಏನೋ ಹೇಳಿದರು. ನಿಖಿಲ್ ನೇರವಾಗಿ ಮುಂದೆ ನೋಡುತ್ತಿದ್ದ. ಆಮೇಲೆ ಉಪಾಧ್ಯರು ನನ್ನ ಬಳಿ ಬಂದು, "ಬರ್ತೇನೆ ಸುಮಾ, ಅವನಿಗೆ ಬೈಬೇಡಿ" ಎಂದು ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ಅವತ್ತು ಅವರು ಕಂದು ಬಣ್ಣದ ಶರ್ಟು ಹಾಕಿದ್ದರು. ಜನರ ನಡುವೆ ಬೇಗನೆ ಕಣ್ಮರೆಯಾದರು.

ಹೈವೇಗೆ ಬಂದ ಮೇಲೆ ನಿಖಿಲ್ ತಾನಾಗಿಯೇ ಹೇಳಿದ. "ಅಂಕಲ್ ಸಾರಿ ಕೇಳಿದ್ರು."

"ಹೇಳಿದ್ದಕ್ಕಾ?"

"ನೋ. ನನ್ನನ್ನ ಕೇಳದೆ ಹೇಳಿದ್ದಕ್ಕೆ. ಫಸ್ಟ್ ನಾನು ನಿನ್ನ ಹತ್ರ ಬರ್ಬೇಕಿತ್ತು, ನೀನೇ ಹೋಗಿ ಹೇಳ್ತಿದ್ದೆ, ನಿನ್ನ ಆ ಚಾನ್ಸ್ ನಾನು ಕಿತ್ಕೊಂಡೆ ಅಂದ್ರು."

"ನಿಂಗೆ ಗೊತ್ತಿತ್ತಾ, ತಾಗ್ಲಿಲ್ಲ ಅಂತ?"

"ಯಾ."

"ಮತ್ತೆ, ಅಂಕಲ್ ಮೊದ್ಲು ನಿನ್ನ ಕೇಳಿದ್ರೆ ನೀನೇ ಹೋಗಿ ಹೇಳ್ತಿದ್ಯಾ?"

ಅವನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದ. "ಐ ಡೋಂಟ್ ನೋ, ಅಮ್ಮ. ನಿಜವಾಗ್ಲೂ ಗೊತ್ತಿಲ್ಲ" ಎಂದ.

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಷ್ಟು ದಿನ ಉಪಾಧ್ಯರ ಮೇಲೆ ಏನೆಲ್ಲ ಸಿಟ್ಟು ಮಾಡಿಕೊಂಡಿದ್ದೆ. ಅಷ್ಟೂ ದಿನಗಳಲ್ಲಿ, ನನ್ನ ಮಗ ತಾನಾಗಿಯೇ ಹೋಗಿ ಹೇಳಿಬಿಡುತ್ತಿದ್ದನೇನೋ ಎಂಬ ಯೋಚನೆ ಹೆತ್ತವಳಾದ ನನಗೆ ಒಮ್ಮೆಯೂ ಬಂದಿರಲಿಲ್ಲ.