ಹೆಂಡದ ಮಡಕೆಯ ಪಾನಕ

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಮೇಷ್ಟ್ರಾಗಿದ್ದ ಕಾಲ. ಖಾದಿ ತೊಟ್ಟವರೆಲ್ಲ ದೇಶಸೇವೆಗೆ ಹೊರಟಿದ್ದರು. ಮಹಾರಾಜರ ಸಂಬಳ ಉಣ್ಣುವ ನಾನು ಹೆಚ್ಚು ಹಾರಾಡುವ ಹಾಗಿರಲಿಲ್ಲ. ಹೆಂಡ ಬಿಡಿಸಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ನನ್ನ ಕೈಗೆ ಸಿಕ್ಕಿದವನು ಪಕ್ಕದ ಮನೆಯ ಗಾಡಿಯವನು. ಅವನ ಕುಡಿತ ತಾಳಲಾರದೆ ಹೆಂಡತಿ ಕೂಸನ್ನೆತ್ತಿಕೊಂಡು ತವರಿಗೆ ಹೋಗಿದ್ದಳು. ಹದಿನೈದು ದಿನ ಬಿಟ್ಟು ಬಂದು ಬಾಯಿ ಮೂಸಿ ನೋಡುತ್ತೇನೆ, ವಾಸನೆ ಬಂದರೆ ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಅವನು ಹೆದರಿಹೋದ. ತನ್ನ ಹೆಂಡದ ಮಡಕೆಯನ್ನೇ ತಂದು ನನ್ನ ಜಗಲಿಯ ಮೇಲಿಟ್ಟ.

"ಇದ ನೀವೇ ಮಡೀಕಳಿ ಮೇಷ್ಟ್ರೇ. ಕಣ್ಣಿಗೆ ಬಿದ್ರೆ ಆಸೆ ಆಯ್ತದೆ."

ನಾನು ಕೋಟೆ ಗೆದ್ದವನಂತೆ ಬೀಗಿದೆ. ಅಂದಿನಿಂದ ದಿನಾ ಸಂಜೆ, ಅವನ ಕಾಲು ಹೆಂಡದಂಗಡಿಯ ಕಡೆ ಎಳೆಯುವ ಹೊತ್ತಿಗೆ ಸರಿಯಾಗಿ, ನಿಂಬೆಹಣ್ಣು ಹಿಂಡಿ, ಬೆಲ್ಲ ಕರಗಿಸಿ, ಕೊಡಗಿನ ಏಲಕ್ಕಿ ಕುಟ್ಟಿಹಾಕಿ ಪಾನಕ ಮಾಡಿಕೊಡುತ್ತಿದ್ದೆ. ಜೊತೆಗೆ ಒಂದು ಭಾಷಣ. ಪಾಪ, ಎರಡನ್ನೂ ಮುಖ ಕಿವುಚದೆ ನುಂಗುತ್ತಿದ್ದ.

ಎರಡನೆಯ ವಾರ ಅವನು ಹೊಗೆಸೊಪ್ಪಿನ ಹೇರು ಹೊಡೆದುಕೊಂಡು ಮೈಸೂರಿಗೆ ಹೋದ. ಬಿಸಿಲು ಸುಡುತ್ತಿತ್ತು, ನನಗೇ ಪಾನಕ ಬೇಕೆನಿಸುತ್ತಿತ್ತು. ನನ್ನ ಹೆಂಡತಿ ಬಾಣಂತನಕ್ಕೆ ಹೋಗಿದ್ದಳು. ದಿನಾ ಯಾರು ಹಿಂಡುತ್ತಾರೆ? ಒಂದೇ ಸಲಕ್ಕೆ ಬೇಕಾದಷ್ಟು ಮಾಡಿಟ್ಟೆ. ಇಟ್ಟದ್ದು ಯಾವುದರಲ್ಲಿ? ಅದೇ ಮಡಕೆಯಲ್ಲಿ. ಕೆಟ್ಟ ಮಡಕೆಗೂ ಸದ್ಬುದ್ಧಿ ಬರಲಿ ಎಂಬ ಘನ ಉದ್ದೇಶ. ಎರಡು ಸಲ ನೀರು ಹಾಕಿ ಕುಲುಕಿದ್ದೆ, ಅಷ್ಟೇ.

ಎರಡನೆಯ ದಿನಕ್ಕೆ ನೊರೆ ಎದ್ದಿತು. ಕುಡಿದರೆ ನಾಲಗೆ ಚುರುಗುಟ್ಟಿತು. ಮೈಸೂರಿನಲ್ಲಿ ಕುಡಿದಿದ್ದ ಗೋಲಿ ಸೋಡಾವನ್ನು ಮನೆಯಲ್ಲೇ ಕಂಡುಹಿಡಿದೆನೆಂದು ಹಿಗ್ಗಿ ಇನ್ನೊಂದು ಲೋಟ ಬಗ್ಗಿಸಿಕೊಂಡೆ. ಮರುದಿನ ಶಾಲೆಯಲ್ಲಿ ಮಗ್ಗಿಗೆ ರಾಗ ಕಟ್ಟಿ ಹಾಡಿದೆ. ಸಂಜೆ ಅರಳಿಕಟ್ಟೆಯಲ್ಲಿ ಕುಡಿತದ ಕೇಡಿನ ಬಗ್ಗೆ ಮಾತಾಡಿದೆ. ಮಾತು ಎಂದೂ ಅಷ್ಟು ಸರಾಗವಾಗಿ ಬಂದಿರಲಿಲ್ಲ. ಎಲ್ಲ ನಿಂಬೆಯ ಗುಣ ಎಂದುಕೊಂಡೆ.

ಹದಿನೈದನೆಯ ದಿನ ಗಾಡಿಯವನು ಮರಳಿದ. ಹೆಂಡತಿ ಬರುವ ಹೊತ್ತು. ದಣಿದವನಿಗೆ ಲೋಟ ತುಂಬ ಪಾನಕ ಕೊಟ್ಟೆ. ಬಾಯಿಯ ಹತ್ತಿರ ಒಯ್ದವನು ನಿಂತುಬಿಟ್ಟ. ವಾಸನೆ ಹಿಡಿದು ಲೋಟವನ್ನೇ ಆಸೆಯಿಂದ ನೋಡಿದ. ಆಮೇಲೆ ಮೆಲ್ಲಗೆ ಲೋಟ ಕೆಳಗಿಟ್ಟ.

"ಇದು ಹೆಂಡ ಆಗೋಗದೆ ಕಣ್ರೀ ಮೇಷ್ಟ್ರೇ."

"ಏನಂದೆ? ನನ್ನ ಕೈಯಾರೆ ಮಾಡಿದ್ದು!" ಎಂದು ರೇಗಿದೆ.

"ಮಡಕೆ ನಂದಲ್ವಾ? ನಂಗೊತ್ತಿಲ್ವಾ? ನೀವೆಷ್ಟು ದಿನದಿಂದ ಕುಡೀತಾ ಇದ್ದೀರಿ?"

ನಾನು ಲೆಕ್ಕ ಹಾಕಿದೆ. ಲೆಕ್ಕದ ಮೇಷ್ಟ್ರಿಗೂ ಅದು ಸುಲಭವಾಗಿ ಬರಲಿಲ್ಲ. ಅವನು ಮಡಕೆಯನ್ನು ತಿಪ್ಪೆಯ ಮೇಲೆ ಕವುಚಿ, ಕಲ್ಲಿನಿಂದ ಒಡೆದು ಬಂದ. ನನಗೆ ನಿಜಕ್ಕೂ ಭಯವಾಯಿತು. ಅವನು ಒಂದು ಗುಟುಕು ಕುಡಿದಿದ್ದರೆ ನನ್ನ ಪುಣ್ಯಕಾರ್ಯ ಒಂದು ಸಂಸಾರವನ್ನೇ ಮುರಿಯುತ್ತಿತ್ತು.

ಅಷ್ಟರಲ್ಲಿ ಅವಳು ಬಂದಳು. ಗಂಡನ ಬಾಯಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಕೂಸನ್ನು ಅವನ ಕೈಗೆ ಕೊಟ್ಟು ಅತ್ತೇಬಿಟ್ಟಳು.

ನಾನು ಭಾರೀ ಗತ್ತಿನಿಂದ ಹತ್ತಿರ ಹೋಗಿ, "ನೋಡಿದೆಯಾ ತಾಯಿ, ನಿನ್ನ ಗಂಡ ಗೆದ್ದ" ಎಂದೆ. ಅವಳು ಥಟ್ಟನೆ ಮೂಗಿಗೆ ಸೆರಗು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನನ್ನು ಮರುಕದಿಂದ ನೋಡಿದಳು.

"ನೀವೂ ಬುಟ್ಬುಡಿ ಮೇಷ್ಟ್ರೇ. ದಿನಾ ಸಂಜೆ ನಮ್ಮನೆಗೆ ಬನ್ನಿ, ನಾ ಪಾನಕ ಮಾಡ್ಕೊಡ್ತೀನಿ."