ಅಳತೆ ಕೇಳದ ಯೂನಿಫಾರ್ಮು

ಬೀದಿಯವರೆಲ್ಲ ಅವಳನ್ನು ಟೇಪಮ್ಮ ಅಂತ ಸುಮ್ಮನೆ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಅಳತೆಯ ಟೇಪು ಕೊರಳಿಗೆ ಬಿತ್ತೆಂದರೆ ಇಳಿಯುತ್ತಿದ್ದುದು ಮಲಗುವಾಗಲೇ. ಮೆಟ್ಟಿಲ ಕೆಳಗೊಂದು ಕೋಣೆ, ಎರಡು ಹೊಲಿಗೆ ಮಷೀನು, ಒಂದು ಇಸ್ತ್ರಿಪೆಟ್ಟಿಗೆ. ಇಪ್ಪತ್ತೆಂಟು ವರ್ಷದಿಂದ ಹೊಲಿದದ್ದು ಬರೀ ಯೂನಿಫಾರ್ಮು. ಆಸ್ಪತ್ರೆಯ ನರ್ಸುಗಳು, ಬಸ್ಸಿನ ಕಂಡಕ್ಟರುಗಳು, ಹೋಟೆಲಿನ ಸಪ್ಲೈಯರುಗಳು, ಎಲ್ಲರೂ ಅವಳೆದುರು ಕೈ ಅಗಲಿಸಿ ನಿಂತವರೇ. ಅರ್ಧ ಊರಿನ ಸೊಂಟದ ಸುತ್ತಳತೆ ಅವಳಿಗೆ ಬಾಯಿಪಾಠ. ಪುಣ್ಯಕ್ಕೆ ಒಬ್ಬರದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟು ಸಂಸಾರದಲ್ಲಿ ಜಗಳ ಹತ್ತುತ್ತಿತ್ತೋ ದೇವರೇ ಬಲ್ಲ.

ಒಂದು ಮಧ್ಯಾಹ್ನ ಅವಳ ಅಕ್ಕನ ಮಗಳು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಾಲ್ಕು ವರ್ಷ ನಿಂತು ನಿಂತು ಕಾಲು ಊದಿಸಿಕೊಂಡ ಹುಡುಗಿ.

"ಚಿಕ್ಕಮ್ಮಾ, ಮಷೀನ್ ನಿಲ್ಸು! ನಂಗೆ ಏರ್‌ಪೋರ್ಟಲ್ಲಿ ಕೆಲ್ಸ ಸಿಕ್ತು!"

ಟೇಪಮ್ಮನಿಗೆ ಕೂಗಿಬಿಡಬೇಕೆನ್ನಿಸಿತು. ಆದರೆ ಬಾಯಲ್ಲಿ ಮೂರು ಗುಂಡುಸೂಜಿ. ಅವನ್ನು ಒಂದೊಂದಾಗಿ ತೆಗೆದಿಟ್ಟು, ಆಮೇಲೆ ಮನಸಾರೆ ಕೂಗಿದಳು. "ಅಯ್ಯೋ ನನ್ನ ಬಂಗಾರ! ಇಂಟರ್‌ವ್ಯೂ ಯಾವಾಗ ಆಯ್ತೇ?"

"ಅದೆಲ್ಲ ಏನೂ ಇಲ್ಲ. ಫೋನಲ್ಲಿ ಜಾಹೀರಾತು ನೋಡಿ ಮೆಸೇಜ್ ಹಾಕ್ದೆ, ಹತ್ತು ನಿಮಿಷಕ್ಕೆ ಸೆಲೆಕ್ಟ್ ಅಂದ್ರು. ಈಗಿನ ಸಂಬಳದ ಮೂರರಷ್ಟು! ಐದು ಗಂಟೆಗೆ ನಮ್ಮ ಯಜಮಾನ್ರಿಗೆ ರಾಜೀನಾಮೆ ಕೊಟ್ಬಿಡ್ತೀನಿ. ಆರರೊಳಗೆ ಯೂನಿಫಾರ್ಮ್ ದುಡ್ಡು ಕಳಿಸಿದ್ರೆ ಮುಗೀತು."

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನಮ್ಮ ಟೇಪಮ್ಮನಿಗೆ ಬಂದದ್ದು ಹೊಟ್ಟೆಕಿಚ್ಚು. "ನಾನು ಗುಂಡುಕಲ್ಲಿನ ಹಾಗೆ ಇಲ್ಲಿ ಕೂತಿರುವಾಗ ನಿಂಗೆ ಯೂನಿಫಾರ್ಮ್ ಹೊಲಿಯೋಕೆ ಅವನ್ಯಾರು? ಹಚ್ಚು ಫೋನು!"

ಆ ಕಡೆಯಿಂದ ನಯವಾದ ಗಂಡಸಿನ ದನಿ ಬಂತು.

"ನೋಡಪ್ಪಾ, ನಾನು ಹುಡುಗಿ ಚಿಕ್ಕಮ್ಮ. ಬಟ್ಟೆ ಬಣ್ಣ, ಕಾಲರ್ ನಮೂನೆ ಹೇಳಿ, ನಾನೇ ಹೊಲಿದು ಕೊಡ್ತೀನಿ."

"ಆಗಲ್ಲ ಮೇಡಂ. ಅವ್ರ ಯೂನಿಫಾರ್ಮ್ ಆಗ್ಲೇ ರೆಡಿ ಇದೆ."

"ರೆಡಿನಾ? ಅಳತೆ ಯಾರು ತಗೊಂಡ್ರು?"

ಅವನು ತಡವರಿಸಿದ. "ಅದು... ಫ್ರೀ ಸೈಜು ಮೇಡಂ."

"ಫ್ರೀ ಸೈಜಾ! ಏನಪ್ಪಾ ನೀವು ಕೊಡೋದು, ಯೂನಿಫಾರ್ಮೋ ದಿಂಬಿನ ಕವರೋ?"

ಫೋನು ಕಟ್ಟಾಯಿತು.

ಈಗ ಟೇಪಮ್ಮನ ಮುಖ ಗಂಭೀರವಾಯಿತು. ಕನ್ನಡಕ ಏರಿಸಿ ಜಾಹೀರಾತಿನ ಫೋಟೋ ತೋರಿಸು ಎಂದಳು. ಹನ್ನೊಂದು ಜನ ಸಾಲಾಗಿ ನಿಂತು ನಗುತ್ತಿದ್ದರು.

"ಈ ಗಂಡಸರ ಶರ್ಟಿನ ಜೇಬು ಯಾವ ಕಡೆ ಇದೆ, ಹೇಳು."

"ಅವ್ರ ಬಲಗಡೆ."

"ಎದೆ ಜೇಬು ಬಲಕ್ಕಿರೋದನ್ನ ಎಲ್ಲಾದ್ರೂ ನೋಡಿದೀಯಾ? ಗುಂಡಿನೂ ನೋಡು. ಗಂಡಸರಿಗೆಲ್ಲ ಹೆಂಗಸರ ಕಡೆ ಗುಂಡಿ, ಹೆಂಗಸರಿಗೆಲ್ಲ ಗಂಡಸರ ಕಡೆ. ಹನ್ನೊಂದು ಜನಕ್ಕೂ ತಲೆಕೆಟ್ಟ ದರ್ಜಿನೇ ಸಿಕ್ಕಿದ್ನಾ? ಯಾರದೋ ಫೋಟೋ ಕದ್ದು, ಗುರುತು ಸಿಗದಿರ್ಲಿ ಅಂತ ಎಡಬಲ ತಿರುಗಿಸಿದಾರೆ ಕಣೇ."

ಹುಡುಗಿಗೆ ಸಿಟ್ಟು ನೆತ್ತಿಗೇರಿತು. "ನಂಗೆ ಒಳ್ಳೇದಾಗೋದು ನಿಂಗೆ ಬೇಡ. ಎಲ್ಲದ್ರಲ್ಲೂ ನಿಂಗೆ ಗುಂಡಿನೇ ಕಾಣೋದು!"

ಆ ಮಾತು ಟೇಪಮ್ಮನಿಗೆ ನಾಟಿತು. ಆದರೂ ನುಂಗಿಕೊಂಡಳು. "ಆಯ್ತು, ನನ್ನ ಮಾತು ಬಿಡು. ಏರ್‌ಪೋರ್ಟಿನ ವೆಬ್‌ಸೈಟಲ್ಲಿರೋ ನಂಬರಿಗೆ ಮಾಡಿ ಕೇಳು. ಇವನು ಕೊಟ್ಟ ನಂಬರಿಗಲ್ಲ."

ಅಲ್ಲಿ ಫೋನೆತ್ತಿದ ಹೆಂಗಸು ನಿಟ್ಟುಸಿರುಬಿಟ್ಟಳು. ಆ ದಿನ ಹಾಗೆ ಕೇಳಿದವರಲ್ಲಿ ಇವಳು ಒಂಬತ್ತನೆಯವಳಂತೆ. ಕೆಲಸ ಕೊಡಲು ತಾವು ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ, ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಇವನ ಮೇಲೆ ಪೊಲೀಸರಿಗೆ ದೂರು ಕೊಡಿ ಎಂದಳು.

ಹುಡುಗಿ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. "ದುಡ್ಡು ಉಳೀತು ಬಿಡು. ಆದ್ರೆ ನನ್ನನ್ನ ಆರಿಸಿದ್ರು ಅಂದ್ಕೊಂಡಿದ್ದೆ ಚಿಕ್ಕಮ್ಮ. ಒಂದೇ ಒಂದ್ಸಲ, ಯಾರಾದ್ರೂ ಒಬ್ರು."

ಟೇಪಮ್ಮ ಹುಡುಗಿಯ ತಲೆಯನ್ನು ಎದೆಗೊತ್ತಿಕೊಂಡು ಆ ನಯವಾದ ದನಿಯವನ ವಂಶಕ್ಕೆಲ್ಲ ಹಿಡಿಶಾಪ ಹಾಕಿದಳು. ಶಾಪ ಮುಗಿಯುವಷ್ಟರಲ್ಲಿ ಹುಡುಗಿಗೆ ನಗು ಬಂದಿತ್ತು. ಇಬ್ಬರೂ ಎದ್ದು ಹೋಗಿ ದೂರು ಬರೆಸಿದರು. ಆಮೇಲೆ ಅವಳು ಅಂಗಡಿಗೆ ಹೋಗಿ ಎಂದಿನಂತೆ ಕೆಮ್ಮಿನ ಔಷಧಿ ಮಾರಿದಳು.

ಆ ವಾರವೇ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದಳು. ಎರಡು ತಿಂಗಳಿಗೆ ಇಂಟರ್‌ವ್ಯೂಗೆ ಕರೆ ಬಂತು. ಹೋಗಿ ಬಂದವಳ ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಏನಂದ್ರೇ?"

"ಎರಡು ಗಂಟೆ ಕಾಯ್ಸಿದ್ರು. ನಾಲ್ಕು ವರ್ಷ ಕೌಂಟರಲ್ಲಿ ಏನೇನು ಮಾಡ್ದೆ, ಜಗಳಕ್ಕೆ ಬಂದವ್ರನ್ನ ಹೇಗೆ ಸಮಾಧಾನ ಮಾಡ್ದೆ, ಎಲ್ಲಾ ಕೆದಕಿ ಕೆದಕಿ ಕೇಳಿದ್ರು. ಮಧ್ಯ ಒಂದ್ಸಲ ಗದರಿದ್ರು. ನಮ್ಮ ಯಜಮಾನ್ರನ್ನ ವಿಚಾರಿಸ್ತಾರಂತೆ. ಆಗುತ್ತೋ ಇಲ್ವೋ ಆಮೇಲೆ ತಿಳಿಸ್ತಾರಂತೆ."

"ಅಯ್ಯೋ, ಇಷ್ಟು ಗೋಳು ಹೊಯ್ಕೊಂಡ್ರಾ? ಮತ್ತೆ ನೀನ್ಯಾಕೆ ಹಲ್ಲು ಕಿಸೀತಿದೀಯ?"

"ಅಷ್ಟು ಹೊತ್ತೂ ಅವ್ರು ಕೇಳಿದ್ದು ನನ್ನ ವಿಷ್ಯಾನೇ ಚಿಕ್ಕಮ್ಮ," ಎಂದಳು ಹುಡುಗಿ.